ಮಾರಿದ ಕಾರು, ಹೂತ ಕಾರು

ಅಣ್ಣ ತೀರಿಕೊಂಡ ಮರುವರ್ಷ, 1993ರಲ್ಲಿ, ಅವನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಅತ್ತಿಗೆ ಮಾರಲು ಹೊರಟರು. ಮದರಾಸಿನಲ್ಲಿ ತಯಾರಾದ ಆ ಸಾಧು ಕಾರಿನ ಟಾಪನ್ನು ಕತ್ತರಿಸಿ, ಕಾರ್ಬೊರೇಟರ್ ಬದಲಿಸಿ ಅಣ್ಣ ಅದನ್ನು ‘ರೇಸ್ ಕಾರು’ ಮಾಡಿದ್ದ. ಹೆರಾಲ್ಡಿಗೆ ಚಾಸಿಯೇ ಬೇರೆ, ಬಾಡಿಯೇ ಬೇರೆ. ಕತ್ತರಿಸಿದರೆ ಏನೂ ಆಗದು ಎಂಬುದು ಅವನ ವಾದ. ಈಗ ತಳವೆಲ್ಲ ತುಕ್ಕು, ಸೀಟು ಇಲಿಗಳ ಪಾಲು.

ಕೊಳ್ಳಲು ಬಂದ ಹುಡುಗ ಬಾನೆಟ್ ಎತ್ತಿ ಕಣ್ಣರಳಿಸಿದ. ಅತ್ತಿಗೆ ಹೇಳಿದರು: “ನೋಡಪ್ಪಾ, ಬೆಲೆಯ ಮಾತು ಆಮೇಲೆ. ಇದರ ಬ್ರೇಕನ್ನು ನಂಬಬೇಡ. ಪೂರ್ತಿ ಬಿಚ್ಚಿ ಸರಿಮಾಡಿಸದೆ ರಸ್ತೆಗೆ ಇಳಿಸೋದಿಲ್ಲ ಅಂತ ಮಾತು ಕೊಡು.” ನನಗೆ ಸಿಟ್ಟು ಬಂತು. ಮಾರುವವರೇ ಮಾಲಿನ ದೋಷ ಹೇಳುತ್ತಾರೆಯೆ?

ಬಹಳ ವರ್ಷಗಳ ಮೇಲೆ ‘ಬೇಬ್ಸ್’ ಎಂಬ ಕಾರಿನ ಕಥೆ ಓದಿದಾಗ ಅತ್ತಿಗೆಯ ಮಾತು ಮತ್ತೆ ನೆನಪಾಯಿತು.

ಇಂಗ್ಲೆಂಡಿನಲ್ಲಿ ಕೌಂಟ್ ಲೂಯಿ ಝ್ಬೊರೊವ್ಸ್ಕಿ ಎಂಬ ಸಿರಿವಂತನಿದ್ದ. ಅವನ ತಂದೆ 1903ರಲ್ಲಿ ಫ್ರಾನ್ಸಿನ ಬೆಟ್ಟದ ರೇಸಿನಲ್ಲಿ ಸತ್ತಾಗ ಹುಡುಗನಿಗೆ ಎಂಟು ವರ್ಷ. ಆದರೂ ಮಗನಿಗೆ ಅದೇ ಹುಚ್ಚು. ಹೈಯಮ್ ಎಂಬಲ್ಲಿನ ತನ್ನ ಬಂಗಲೆಯಲ್ಲಿ ವಿಮಾನದ ಇಂಜಿನುಗಳನ್ನು ಕಾರಿಗೆ ಜೋಡಿಸುತ್ತಿದ್ದ. ಅವುಗಳಲ್ಲಿ ಒಂದು ‘ಹೈಯಮ್ ಸ್ಪೆಷಲ್’: 27 ಲೀಟರಿನ ಲಿಬರ್ಟಿ ಇಂಜಿನ್, ಹಳೆಯ ಬೆಂಝ್ ಕಾರಿನ ಗೇರ್ ಬಾಕ್ಸ್, ಹಿಂಗಾಲಿಗಳನ್ನು ತಿರುಗಿಸಲು ಸೈಕಲ್ಲಿನಂತೆ ಸರಪಳಿ. 1924ರ ಅಕ್ಟೋಬರಿನಲ್ಲಿ ಇಟಲಿಯ ಮೊಂಝಾದಲ್ಲಿ, ಬೇರೊಂದು ಕಾರು ಓಡಿಸುತ್ತಾ ಅವನೂ ಸತ್ತ. ಆಗ ಅವನಿಗೆ 29 ವರ್ಷ.

ಅವನು ಬಿಟ್ಟುಹೋದ ಆ ದೈತ್ಯ ಗಾಡಿಯನ್ನು ವೇಲ್ಸಿನ ಇಂಜಿನಿಯರ್ ಪ್ಯಾರಿ ಥಾಮಸ್ ಕೇವಲ 125 ಪೌಂಡಿಗೆ ಕೊಂಡ. ನಾಲ್ಕು ಹೊಸ ಕಾರ್ಬೊರೇಟರ್, ತಾನೇ ರೂಪಿಸಿದ ಪಿಸ್ಟನ್ ಹಾಕಿ, ಬೇಬ್ಸ್ ಎಂದು ಹೆಸರಿಟ್ಟ. 1926ರ ಏಪ್ರಿಲಿನಲ್ಲಿ ವೇಲ್ಸಿನ ಪೆಂಡೈನ್ ಕಡಲ ದಂಡೆಯ ಮೇಲೆ ಗಂಟೆಗೆ 171 ಮೈಲಿ ಓಡಿಸಿ ಲೋಕದಾಖಲೆ ಮಾಡಿದ. ಮರುವರ್ಷ ಫೆಬ್ರವರಿಯಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಅದೇ ಮರಳಿನ ಮೇಲೆ ಆ ದಾಖಲೆ ಮುರಿದ. ಒಂದು ತಿಂಗಳೂ ತಡೆಯಲಿಲ್ಲ. 1927ರ ಮಾರ್ಚ್ 3ರಂದು ಥಾಮಸ್ ಮತ್ತೆ ಬೇಬ್ಸ್ ಏರಿದ. ಕಾರು ಉರುಳಿತು, ಅವನು ಬದುಕಲಿಲ್ಲ. ಸರಪಳಿ ತುಂಡಾಗಿ ಬಡಿಯಿತೆಂದು ಬಹುಕಾಲ ಹೇಳುತ್ತಿದ್ದರು. ಚಕ್ರವೇ ಕೈಕೊಟ್ಟಿರಬೇಕೆಂಬ ಮಾತು ಆಮೇಲೆ ಬಂತು.

ಅವನ ಗೆಳೆಯರು ಆ ಕಾರನ್ನು ಮಾರಲಿಲ್ಲ, ಗುಜರಿಗೂ ಹಾಕಲಿಲ್ಲ. ಅಲ್ಲೇ ಮರಳಿನಲ್ಲಿ ಗುಂಡಿ ತೋಡಿ ಹೂತುಬಿಟ್ಟರು. 42 ವರ್ಷ ಅದು ಮಣ್ಣಿನಲ್ಲೇ ಇತ್ತು. 1969ರಲ್ಲಿ ಓವೆನ್ ವಿನ್ ಓವೆನ್ ಎಂಬ ಅಧ್ಯಾಪಕರು ಅದನ್ನು ಅಗೆದು ತೆಗೆಸಿ, ವರ್ಷಗಟ್ಟಲೆ ದುಡಿದು ಮತ್ತೆ ಓಡುವಂತೆ ಮಾಡಿದರು.

ಇಲ್ಲಿ ಮಾರಿದವರ ತಪ್ಪೇನೂ ನನಗೆ ಕಾಣದು. ಥಾಮಸ್ ಕಾರಿನ ಒಳಹೊರಗು ಬಲ್ಲವನು. ಕಣ್ಣು ತೆರೆದೇ ಕೊಂಡ. ಆದರೆ ಸತ್ತವರ ಆಸೆಯ ವಸ್ತುವನ್ನು ಮಾರುವಾಗ ಕಬ್ಬಿಣದ ಜೊತೆಗೆ ಅವರ ಆಸೆಯೂ ಕೈ ಬದಲಾಗುತ್ತದೆ. ಕೊಂಡವರನ್ನು ಅದು ಎಲ್ಲಿಗೆ ಒಯ್ಯುವುದೋ, ಮಾರಿದವರ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ನಿಜ ಹೇಳುವುದಷ್ಟೇ.

ಆ ಹುಡುಗ ಕೇಳಿದ್ದಕ್ಕಿಂತ ಕಡಿಮೆ ಬೆಲೆಗೇ ಅತ್ತಿಗೆ ಕಾರು ಕೊಟ್ಟರು. ಅವನು ಅದನ್ನು ಓಡಿಸದೆ ಲಾರಿಗೆ ಕಟ್ಟಿ ಎಳೆಸಿಕೊಂಡು ಹೋದ. ಗೇಟಿನ ಬಳಿ ನಿಂತಿದ್ದ ಅತ್ತಿಗೆ, “ಸದ್ಯ, ಮಾತು ಉಳಿಸಿಕೊಂಡ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.