ಟಂಕಸಾಲೆ ಅವರದು, ಮೈಲಿ ನಮ್ಮದು

ವಿಮಾನದ ಟಿಕೆಟ್ ಕಾಯ್ದಿರಿಸಲು ಕೂತಾಗ ಪರದೆಯ ಮೇಲೆ ಎರಡು ಬೆಲೆ ಕಾಣುತ್ತವೆ. ಒಂದು ರೂಪಾಯಿಯಲ್ಲಿ, ಇನ್ನೊಂದು ವಿಮಾನ ಕಂಪನಿ ಗಿರಾಕಿಗೆ ಬಹುಮಾನವಾಗಿ ಕೊಡುವ ಮೈಲಿಯಲ್ಲಿ. ಈಗೀಗ ಅದನ್ನೇ ಪಾಯಿಂಟ್ ಎನ್ನುತ್ತಾರೆ. ದುಡ್ಡು ಕೊಡುವುದೋ, ಕೂಡಿಟ್ಟ ಮೈಲಿ ಮುರಿಸುವುದೋ? ಬಹಳ ಮಂದಿ ಇದನ್ನು ಬರೀ ಕೂಡಿ ಕಳೆಯುವ ಪ್ರಶ್ನೆ ಎಂದುಕೊಳ್ಳುತ್ತಾರೆ. ಲೆಕ್ಕ ಬೇಕು ನಿಜ, ಮುಂದೆ ಅದನ್ನೂ ನೋಡೋಣ. ಆದರೆ ಅದಕ್ಕೂ ಮೊದಲು ಈ ನಾಣ್ಯವನ್ನು ಅಚ್ಚು ಹಾಕುವವರು ಯಾರು, ಅದಕ್ಕೆ ಬೆಲೆ ಕಟ್ಟುವವರು ಯಾರು ಎಂದು ಕೇಳಬೇಕು. ಮೈಲಿಯ ಚರಿತ್ರೆಯುದ್ದಕ್ಕೂ ಇವೆರಡನ್ನೂ ಮಾಡಿದ್ದು ಒಂದೇ ಕೈ. ಹಾಗಾಗಿ ಮೈಲಿಯನ್ನು ಉಳಿತಾಯ ಎಂದು ಇಟ್ಟುಕೊಂಡವರು ಸಾಮಾನ್ಯವಾಗಿ ಕಳೆದುಕೊಂಡಿದ್ದಾರೆ, ಬೇಗ ಖರ್ಚು ಮಾಡಿದವರು ಗೆದ್ದಿದ್ದಾರೆ ಎಂಬುದು ನನ್ನ ವಾದ.

ಗಿರಾಕಿಗೆ ಇಂಥ ನಾಣ್ಯ ಕೊಡುವ ಪದ್ಧತಿ ವಿಮಾನಕ್ಕಿಂತ ಹಳೆಯದು. ಅಮೆರಿಕದಲ್ಲಿ 1896ರಲ್ಲಿ ಶುರುವಾದ ಸ್ಪೆರಿ ಅಂಡ್ ಹಚಿನ್ಸನ್ ಕಂಪನಿ ಹಸಿರು ಬಣ್ಣದ ಚೀಟಿಗಳನ್ನು ಅಚ್ಚು ಹಾಕಿ ಅಂಗಡಿಗಳಿಗೆ ಮಾರುತ್ತಿತ್ತು. ಗಿರಾಕಿ ಹತ್ತು ಸೆಂಟಿನ ಸಾಮಾನು ಕೊಂಡರೆ ಅಂಗಡಿಯವನು ಒಂದು ಚೀಟಿ ಕೊಡುತ್ತಿದ್ದ. ಅಂಚೆಚೀಟಿಯಂತೆ ಹಿಂಬದಿಗೆ ಅಂಟು; ನಾಲಿಗೆಗೆ ತಾಗಿಸಿ ಪುಸ್ತಕಕ್ಕೆ ಅಂಟಿಸಬೇಕು. 1,200 ಚೀಟಿ ತುಂಬಿದರೆ ಒಂದು ಪುಸ್ತಕ. ಇಷ್ಟು ಪುಸ್ತಕಕ್ಕೆ ಇಸ್ತ್ರಿಪೆಟ್ಟಿಗೆ, ಅಷ್ಟಕ್ಕೆ ಟೇಬಲ್ ಲ್ಯಾಂಪ್. ಒಂದು ಸಣ್ಣ ಸಂಗತಿಯನ್ನು ಇಲ್ಲಿ ನಿಂತು ನೋಡಬೇಕು: ಆ ಚೀಟಿಯ ಮೇಲೆ ಅದರ ನಗದು ಬೆಲೆಯೂ ಅಚ್ಚಾಗಿರುತ್ತಿತ್ತು, ಒಂದು ಸೆಂಟಿನ ಹತ್ತನೇ ಒಂದು ಭಾಗ. ಹಲವು ರಾಜ್ಯಗಳ ಕಾನೂನು ಚೀಟಿಗೆ ಪ್ರತಿಯಾಗಿ ನಗದು ಕೇಳುವ ಹಕ್ಕನ್ನು ಗಿರಾಕಿಗೆ ಕೊಟ್ಟಿದ್ದರಿಂದ ಆ ಬೆಲೆ ಅಲ್ಲಿತ್ತು. ತುಂಬಿದ ಪುಸ್ತಕಕ್ಕೆ ನಗದಾಗಿ ಸಿಗುತ್ತಿದ್ದದ್ದು 1 ಡಾಲರ್ 20 ಸೆಂಟ್. ಸಾಮಾನಾಗಿ ಪಡೆದರೆ ಅದಕ್ಕಿಂತ ಹೆಚ್ಚು ಗಿಟ್ಟುತ್ತಿತ್ತು, ಆದ್ದರಿಂದ ನಗದು ಕೇಳುವವರು ಕಡಿಮೆ. ಆದರೂ ಎಷ್ಟೇ ಚಿಕ್ಕದಿರಲಿ, ಕೆಳಗೆ ಒಂದು ನೆಲ ಇತ್ತು. ಮೈಲಿ ಹುಟ್ಟಿದಾಗ ಈ ನೆಲ ಹೋಯಿತು.

1978ರವರೆಗೆ ಅಮೆರಿಕದಲ್ಲಿ ಯಾವ ವಿಮಾನ ಎಲ್ಲಿಗೆ ಹಾರಬೇಕು, ಎಷ್ಟು ದರ ಕೇಳಬೇಕು ಎನ್ನುವುದನ್ನು ಸರ್ಕಾರದ ಮಂಡಳಿಯೇ ನಿರ್ಧರಿಸುತ್ತಿತ್ತು. ದರದಲ್ಲಿ ಪೈಪೋಟಿ ಇಲ್ಲದ ಮೇಲೆ ಕಂಪನಿಗಳು ಊಟದಲ್ಲಿ, ಉಪಚಾರದಲ್ಲಿ ಪೈಪೋಟಿಗಿಳಿದಿದ್ದವು. ಅಮೆರಿಕನ್ ಏರ್‌ಲೈನ್ಸ್ ತನ್ನ 747 ವಿಮಾನಗಳಲ್ಲಿ ಪಿಯಾನೊವನ್ನೇ ಇಟ್ಟಿತ್ತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನಿಯಂತ್ರಣ ತೆಗೆಯುವ ಕಾಯ್ದೆಗೆ ಸಹಿ ಹಾಕಿದರು. ಅಗ್ಗದ ದರದ ಹೊಸ ಕಂಪನಿಗಳು ಬಂದವು, ಪ್ರಯಾಣಿಕರು ಅತ್ತ ವಾಲತೊಡಗಿದರು. ಅವರನ್ನು ಹಿಡಿದಿಟ್ಟುಕೊಳ್ಳಲು ರಾಬರ್ಟ್ ಕ್ರ್ಯಾಂಡಲ್ ಮುಂದಾಳತ್ವದಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಂದು ಉಪಾಯ ಹೂಡಿತು. ಟಿಕೆಟ್ ಕಾಯ್ದಿರಿಸುವ ಸೇಬರ್ ಎಂಬ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಬರುವ ಫೋನ್ ನಂಬರುಗಳನ್ನು ಹುಡುಕಿ, ಪದೇ ಪದೇ ಹಾರುವ ಲಕ್ಷಕ್ಕೂ ಹೆಚ್ಚು ಜನರನ್ನು ಆರಿಸಿತು. 1981ರ ಮೇ 1ರಂದು ಅಡ್ವಾಂಟೇಜ್ ಯೋಜನೆ ಶುರುವಾಯಿತು. ಕೆಲವೇ ದಿನಗಳಲ್ಲಿ ಪ್ರತಿಸ್ಪರ್ಧಿ ಯುನೈಟೆಡ್ ಏರ್‌ಲೈನ್ಸ್ ಕೂಡ ಹಿಂದೆ ಬಂತು. ಆಗ ಮೈಲಿ ಎಂದರೆ ಹಾರಿದ ಮೈಲಿಯೇ. ಮುರಿಸಿಕೊಂಡರೆ ಖಾಲಿ ಉಳಿಯುತ್ತಿದ್ದ ಸೀಟು. ಕಂಪನಿಗೆ ಅಂಥ ಹೊರೆಯಿಲ್ಲ, ಪ್ರಯಾಣಿಕನಿಗೆ ಸಂತೋಷ.

ಚಿತ್ರ ಬದಲಾದದ್ದು 1987ರಲ್ಲಿ, ಸಿಟಿಬ್ಯಾಂಕ್ ಅಡ್ವಾಂಟೇಜ್ ಹೆಸರಿನ ಕ್ರೆಡಿಟ್ ಕಾರ್ಡ್ ತಂದಾಗ. ಅಲ್ಲಿಂದ ಮುಂದೆ ಮೈಲಿ ಸಂಪಾದಿಸಲು ವಿಮಾನ ಹತ್ತಬೇಕಿರಲಿಲ್ಲ, ದಿನಸಿ ಕೊಂಡರೂ ಸಾಕು. ಬ್ಯಾಂಕು ವಿಮಾನ ಕಂಪನಿಯಿಂದ ಮೈಲಿಯನ್ನು ಸಗಟಾಗಿ ಕೊಳ್ಳುತ್ತದೆ, ಆ ಹಣ ಅಂಗಡಿಯವರು ಪ್ರತಿ ಸಲ ಕಾರ್ಡ್ ಉಜ್ಜಿದಾಗ ಕೊಡುವ ಶುಲ್ಕದಿಂದ, ಕಾರ್ಡುದಾರರು ಕಟ್ಟುವ ಬಡ್ಡಿ ಮತ್ತು ವಾರ್ಷಿಕ ಶುಲ್ಕದಿಂದ ಬರುತ್ತದೆ. 2005ರ ಹೊತ್ತಿಗೆ ಬಳಸದೆ ಉಳಿದ ಮೈಲಿಗಳ ಒಟ್ಟು ಮೌಲ್ಯ ಚಲಾವಣೆಯಲ್ಲಿದ್ದ ಎಲ್ಲ ಡಾಲರ್ ನೋಟುಗಳ ಮೌಲ್ಯವನ್ನೂ ಮೀರಿದೆ ಎಂದು ದಿ ಎಕಾನಮಿಸ್ಟ್ ಪತ್ರಿಕೆ ಲೆಕ್ಕ ಹಾಕಿತು. ಇಷ್ಟು ನಾಣ್ಯ ಅಚ್ಚಾದ ಮೇಲೆ ಅದರ ಬೆಲೆ ಇಳಿಯದೆ ಇರಲು ಸಾಧ್ಯವೇ ಇರಲಿಲ್ಲ. 1988ರಲ್ಲೇ ಅಮೆರಿಕನ್ ಏರ್‌ಲೈನ್ಸ್ ಉಚಿತ ಸೀಟುಗಳಿಗೆ ಮಿತಿ ಹಾಕಿ, ಕೆಲವು ದಿನಗಳಲ್ಲಿ ಮೈಲಿ ನಡೆಯದು ಎಂದಿತು, ಅದೂ ಜನ ಆಗಲೇ ಗಳಿಸಿಟ್ಟಿದ್ದ ಮೈಲಿಗಳಿಗೂ ಸೇರಿಸಿ. ಸದಸ್ಯರು ನ್ಯಾಯಾಲಯಕ್ಕೆ ಹೋದರು. 1995ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ರಾಜ್ಯದ ಗ್ರಾಹಕ ರಕ್ಷಣಾ ಕಾನೂನಿನಡಿ ದಾವೆ ಹೂಡಲು 1978ರ ಕಾಯ್ದೆ ಬಿಡುವುದಿಲ್ಲ, ಒಪ್ಪಂದ ಮುರಿದರೆಂದು ಮಾತ್ರ ಕೇಳಬಹುದು ಎಂದು ತೀರ್ಪಿತ್ತಿತು. ಒಪ್ಪಂದವನ್ನು ಬರೆಯುವವರೋ ಕಂಪನಿಯವರೇ. ಪದೇ ಪದೇ ದೂರು ಕೊಡುತ್ತಾರೆಂದು ನಾರ್ತ್‌ವೆಸ್ಟ್ ವಿಮಾನ ಕಂಪನಿ ಒಬ್ಬ ಸದಸ್ಯರನ್ನು ಯೋಜನೆಯಿಂದಲೇ ಹೊರಗಿಟ್ಟ ಪ್ರಕರಣದಲ್ಲಿ, ಕಂಪನಿ ಪ್ರಾಮಾಣಿಕವಾಗಿ ನಡೆದುಕೊಳ್ಳಲಿಲ್ಲ ಎಂಬ ವಾದವೂ 2014ರಲ್ಲಿ ಅದೇ ಕೋರ್ಟಿನಲ್ಲಿ ನಿಲ್ಲಲಿಲ್ಲ. ಮರುವರ್ಷ ಡೆಲ್ಟಾ ವಿಮಾನ ಕಂಪನಿ ತನ್ನ ಜಾಲತಾಣದಿಂದ ಮೈಲಿಯ ದರಪಟ್ಟಿಯನ್ನೇ ತೆಗೆದುಹಾಕಿತು. 2019ರಲ್ಲಿ ಯುನೈಟೆಡ್ ಕೂಡ. ಯಾವ ಊರಿಗೆ ಎಷ್ಟು ಮೈಲಿ ಎಂದು ಮೊದಲೇ ತಿಳಿಯುವ ದಾರಿ ಮುಚ್ಚಿತು.

ಪುಕ್ಕಟೆ ಬಂದದ್ದಕ್ಕೆ ಇಷ್ಟು ತಕರಾರು ಏಕೆ ಎಂದು ಕೇಳುವವರಿದ್ದಾರೆ. ಪುಕ್ಕಟೆ ಎಂಬ ಮಾತೇ ಸರಿಯಲ್ಲ. ಅಂಗಡಿಯವರು ಕಟ್ಟುವ ಕಾರ್ಡ್ ಶುಲ್ಕ ಸಾಮಾನಿನ ಬೆಲೆಯೊಳಗೆ ಸೇರಿಯೇ ಇರುತ್ತದೆ. 2020ರಲ್ಲಿ ಕೊರೊನಾದಿಂದ ವಿಮಾನಗಳು ನೆಲ ಹಿಡಿದಾಗ ಯುನೈಟೆಡ್ ಸಾಲಕ್ಕೆ ಅಡವಿಟ್ಟದ್ದು ತನ್ನ ಮೈಲಿ ಯೋಜನೆಯನ್ನು. ಅದಕ್ಕೆ ಕಟ್ಟಿದ ಮೌಲ್ಯ ಸುಮಾರು 2,200 ಕೋಟಿ ಡಾಲರ್, ಅಂದಿನ ಷೇರುಪೇಟೆಯಲ್ಲಿ ಇಡೀ ಕಂಪನಿಗಿದ್ದ ಬೆಲೆಗಿಂತ ಹೆಚ್ಚು. ದಾನ ಕೊಡುವ ವ್ಯವಸ್ಥೆಗೆ ಸಾಲ ಕೊಡುವ ಯಾರೂ ಅಂಥ ಬೆಲೆ ಕಟ್ಟುವುದಿಲ್ಲ. ರೂಪಾಯಿಯ ಬೆಲೆಯೂ ಇಳಿಯುತ್ತದಲ್ಲ ಎನ್ನುವುದು ಇನ್ನೊಂದು ಆಕ್ಷೇಪ. ಇಳಿಯುತ್ತದೆ, ಆದರೆ ರೂಪಾಯಿಗೆ ಬ್ಯಾಂಕು ಬಡ್ಡಿ ಕೊಡುತ್ತದೆ, ಅದು ಯಾವ ಅಂಗಡಿಯಲ್ಲೂ ನಡೆಯುತ್ತದೆ. ಮೈಲಿಗೆ ಬಡ್ಡಿಯಿಲ್ಲ, ಬಹುತೇಕ ಅದು ಒಂದೇ ಅಂಗಡಿಯ ನಾಣ್ಯ.

ಆ ಅಂಗಡಿ ಬಾಗಿಲು ಹಾಕಿದರೆ ಏನಾಗುತ್ತದೆ ಎನ್ನುವುದನ್ನು ನಾವು ಇಲ್ಲೇ ಕಂಡಿದ್ದೇವೆ. ಬೆಂಗಳೂರಿನ ಯುಬಿ ಸಮೂಹದ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಮೈಲಿ ಯೋಜನೆಯಾದ ಕಿಂಗ್ ಕ್ಲಬ್ಬಿನ ಮೈಲಿಗಳಿಗೆ ಹತ್ತಲು ವಿಮಾನವೇ ಉಳಿಯಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಾಗ ಅದರ ಮೈಲಿ ಯೋಜನೆ ಉಳಿಯಿತು, ಏಕೆಂದರೆ ಅದರ ಹೆಚ್ಚಿನ ಪಾಲು ಆಗಲೇ ಎತಿಹಾದ್ ಏರ್‌ವೇಸ್ ಕೈಸೇರಿ, ಯೋಜನೆ ಬೇರೆ ಕಂಪನಿಯಾಗಿತ್ತು. ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಎಲ್ಲ ಕಥೆಗಳೂ ನಷ್ಟದವೇ ಅಲ್ಲ ಎಂದೂ ಹೇಳಬೇಕು: 2024ರ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯಾದೊಳಗೆ ಸೇರಿದಾಗ ಒಂದು ಪಾಯಿಂಟಿಗೆ ಒಂದು ಪಾಯಿಂಟ್ ಸಿಕ್ಕಿತು. ಆದರೆ ಮೂರರಲ್ಲೂ ತೀರ್ಮಾನ ಸದಸ್ಯರ ಕೈಯಲ್ಲಿ ಇರಲಿಲ್ಲ.

ಇನ್ನು ಲೆಕ್ಕ. ಟಿಕೆಟ್ಟಿಗೆ 7,200 ರೂ., ಇಲ್ಲವೇ 9,000 ಪಾಯಿಂಟ್ ಜೊತೆಗೆ ತೆರಿಗೆ, ಶುಲ್ಕ ಎಂದು 1,200 ರೂ. ಎಂದಿಟ್ಟುಕೊಳ್ಳಿ. ಉಳಿಯುವುದು 6,000 ರೂ. ದುಡ್ಡು ಕೊಟ್ಟಿದ್ದರೆ ಬರಬಹುದಾಗಿದ್ದ 300 ಪಾಯಿಂಟನ್ನೂ ಕಳೆದುಕೊಂಡಿರಿ ಎಂದರೆ 6,000ವನ್ನು 9,300ರಿಂದ ಭಾಗಿಸಿ. ಪಾಯಿಂಟಿಗೆ ಸುಮಾರು 65 ಪೈಸೆ. ಬಿಸಿನೆಸ್ ಕ್ಲಾಸಿನಲ್ಲಿ ಮುರಿಸಿದರೆ ಪಾಯಿಂಟಿಗೆ ಮೂರು ರೂಪಾಯಿ ಸಿಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಮೂರು ಲಕ್ಷದ ಸೀಟನ್ನು ಒಂದು ಲಕ್ಷ ಪಾಯಿಂಟಿಗೆ ಪಡೆದರೆ ಹೌದು, ಆದರೆ ಕೈಯಿಂದ ಕೊಡುವುದಾದರೆ 60,000ದ ಸಾಮಾನ್ಯ ಸೀಟನ್ನೇ ಕೊಳ್ಳುತ್ತಿದ್ದವರಿಗೆ ಉಳಿದದ್ದು 60,000 ಮಾತ್ರ. ಕಾಲು ಚಾಚಿ ಮಲಗಿದ ಸುಖಕ್ಕೆ ತಾವು ನಿಜವಾಗಿ ಎಷ್ಟು ಕೊಡುತ್ತಿದ್ದರೋ ಅಷ್ಟನ್ನು ಅದಕ್ಕೆ ಸೇರಿಸಿಕೊಳ್ಳಲಿ. ದರ ಇಳಿದ ದಿನಗಳಲ್ಲಿ ದುಡ್ಡು ಕೊಡಿ. ದಸರೆಯ ರಜೆಯಲ್ಲೋ, ಅವಸರದ ಪ್ರಯಾಣದಲ್ಲೋ ನಗದು ದರ ಏರಿ, ಮೈಲಿಯ ದರ ಅಷ್ಟು ಏರದೆ ಇದ್ದರೆ ಮುರಿಸಿಬಿಡಿ. ಎಂದೋ ಹೋಗುವ ದೊಡ್ಡ ಪ್ರವಾಸಕ್ಕೆಂದು ಅವನ್ನು ವರ್ಷಗಟ್ಟಲೆ ಕೂಡಿಡಬೇಡಿ. ಇಂದೇ ನಿಮ್ಮ ಖಾತೆ ತೆರೆದು, ಎಷ್ಟಿವೆ, ಯಾವ ತಾರೀಖಿಗೆ ಅವಧಿ ಮುಗಿಯುತ್ತದೆ ಎನ್ನುವುದನ್ನು ಬರೆದಿಟ್ಟುಕೊಳ್ಳಿ.