ಅಮ್ಮ ಎಂಬ ಹೆಸರಿನ ಹಿಂದೆ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ನಂದಿನಿ ಬಡಾವಣೆಯ ಹತ್ತಿರದ ಕಂಠೀರವ ಸ್ಟುಡಿಯೋ ಆವರಣದಲ್ಲಿ ಒಂದೇ ಮನೆಯ ಮೂರು ಸಮಾಧಿಗಳಿವೆ. 2006ರಲ್ಲಿ ರಾಜ್‌ಕುಮಾರ್, 2017ರಲ್ಲಿ ಪಾರ್ವತಮ್ಮ, 2021ರಲ್ಲಿ ಪುನೀತ್ ಅಲ್ಲಿ ಮಣ್ಣಾದರು. ಅಪ್ಪ, ಮಗ ಇಬ್ಬರನ್ನೂ ನಾಡು ತೆರೆಯ ಮೇಲೆ ಕಂಡಿದೆ. ಅಮ್ಮನನ್ನು ಕಂಡದ್ದು ಹೆಚ್ಚಾಗಿ ಅಕ್ಷರಗಳಲ್ಲಿ, ಚಿತ್ರ ಶುರುವಾಗುವ ಮುನ್ನ ನಿರ್ಮಾಪಕರ ಹೆಸರಾಗಿ. ಅವರನ್ನು ‘ಅಮ್ಮ’ ಎಂದಷ್ಟೇ ನೆನೆದರೆ ಆ ಅಕ್ಷರಗಳ ಹಿಂದಿನ ದುಡಿಮೆ ಮರೆಯಾಗುತ್ತದೆ.

ಪಾರ್ವತಮ್ಮ ಹುಟ್ಟಿದ್ದು 1939ರ ಡಿಸೆಂಬರ್ 6ರಂದು, ಮೈಸೂರು ಜಿಲ್ಲೆಯ ಸಾಲಿಗ್ರಾಮದಲ್ಲಿ. 1953ರ ಜೂನ್ 25ರಂದು ಮದುವೆಯಾದಾಗ ಅವರಿಗೆ ಹದಿನಾಲ್ಕು ತುಂಬಿರಲಿಲ್ಲ. ಗಂಡ ಇನ್ನೂ ರಂಗಭೂಮಿಯ ಮುತ್ತುರಾಜ್. ‘ಬೇಡರ ಕಣ್ಣಪ್ಪ’ ತೆರೆಕಂಡದ್ದು ಮರುವರ್ಷ. ಐವರು ಮಕ್ಕಳ ತಾಯಿಯಾದ ಮೇಲೆ, 1975ರ ‘ತ್ರಿಮೂರ್ತಿ’ಯಿಂದ ಅವರು ನಿರ್ಮಾಣಕ್ಕಿಳಿದರು. ಹಂಚಿಕೆಗೆ ವಜ್ರೇಶ್ವರಿ ಕಂಬೈನ್ಸ್ ಇತ್ತು. ದುಡ್ಡು ಹಾಕುವುದೂ ತೆಗೆಯುವುದೂ ಗಂಡಸರ ವ್ಯವಹಾರವೆನಿಸಿದ್ದ ಕಾಲದಲ್ಲಿ ಒಬ್ಬ ಗೃಹಿಣಿ ಆ ಲೆಕ್ಕವನ್ನು ಕೈಗೆತ್ತಿಕೊಂಡದ್ದು ಕನ್ನಡ ಚಿತ್ರರಂಗದ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

ಅವರ ಆಯ್ಕೆಗಳನ್ನು ನೋಡಿ. ‘ಜೀವನ ಚೈತ್ರ’ಕ್ಕೆ ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ಕಾದಂಬರಿ ಆಧಾರ. ‘ಜನುಮದ ಜೋಡಿ’ಗೆ ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿ. ಹೆಂಗಸರು ಓದುತ್ತಿದ್ದ ಕತೆಗಳು ಹೆಂಗಸರನ್ನು ಚಿತ್ರಮಂದಿರಕ್ಕೆ ಕರೆತಂದವು. ‘ಆನಂದ್’ನಲ್ಲಿ ಸುಧಾರಾಣಿ, ‘ನಂಜುಂಡಿ ಕಲ್ಯಾಣ’ದಲ್ಲಿ ಮಾಲಾಶ್ರೀ, ‘ಅಪ್ಪು’ವಿನಲ್ಲಿ ರಕ್ಷಿತಾ, ‘ಅಭಿ’ಯಲ್ಲಿ ರಮ್ಯಾ: ಕನ್ನಡದ ಮಟ್ಟಿಗೆ ಇವರು ನಾಯಕಿಯರಾದದ್ದು ಈ ಮನೆಯ ಚಿತ್ರಗಳಿಂದ. ಮೂವರು ಗಂಡುಮಕ್ಕಳನ್ನೂ ನಾಯಕರನ್ನಾಗಿಸಿದ್ದು ಅಮ್ಮನೇ. ಅದನ್ನು ಮಮತೆ ಎನ್ನಬಹುದು. ಆದರೆ ಬರೀ ಮಮತೆಯಿಂದ ಚಿತ್ರ ಓಡುವುದಿಲ್ಲ.

2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಗೆ ವೀರಪ್ಪನ್ ಬಂದ. ರಾಜ್‌ಕುಮಾರರನ್ನು ಕರೆದೊಯ್ಯುವಾಗ, ಮುಖ್ಯಮಂತ್ರಿಗೆ ತಲುಪಿಸಲು ಒಂದು ಕ್ಯಾಸೆಟ್ಟನ್ನು ಪಾರ್ವತಮ್ಮನವರ ಕೈಗಿಟ್ಟ. ಅವರು ಬೆಂಗಳೂರಿಗೆ ಬಂದು ಎಸ್.ಎಂ. ಕೃಷ್ಣ ಅವರಿಗೆ ಅದನ್ನು ತಲುಪಿಸಿದರು. ಗಂಡನನ್ನು ಕಾಡಿಗೆ ಕಳಿಸಿದ ಗಳಿಗೆಯಲ್ಲೂ ಮಾಡಬೇಕಾದ ಕೆಲಸವೊಂದು ಅವರ ಪಾಲಿಗಿತ್ತು. ಮುಂದಿನದು 108 ದಿನಗಳ ಕಾಯುವಿಕೆ.

2017ರ ಮೇ 31ರಂದು ಅವರು ತೀರಿಕೊಂಡಾಗ ಮನೆ ಮೂರನೆಯ ತಲೆಮಾರಿಗೆ ಬಂದಿತ್ತು. ಮೊಮ್ಮಗ ವಿನಯ್ 2015ರಲ್ಲಿ ‘ಸಿದ್ಧಾರ್ಥ’ದ ನಾಯಕನಾದಾಗ ಅಜ್ಜಿ ಇದ್ದರು. ಮೊಮ್ಮಗಳು ಧನ್ಯಾ 2021ರಲ್ಲಿ, ಯುವ 2024ರಲ್ಲಿ ತೆರೆಗೆ ಬಂದಾಗ ಇರಲಿಲ್ಲ. ಕಿರಿಮಗನನ್ನು ನಲವತ್ತಾರರ ಹರೆಯದಲ್ಲಿ ಮಣ್ಣಿಗಿಡುವ ದುಃಖವೂ ಅವರಿಗೆ ಬರಲಿಲ್ಲ. ‘ಸದ್ಯ, ಅಮ್ಮ ನೋಡಲಿಲ್ಲ’ ಎಂದು ಹೇಳುವಾಗ ನಾವು ನೆನೆಯುವುದು ತಾಯಿಯನ್ನು.

ಹಾಗೆ ನೆನೆಯುವುದು ತಪ್ಪಲ್ಲ. ಆದರೆ ಆ ಮಗನ ಮೊದಲ ನಾಯಕಪಾತ್ರದ ‘ಅಪ್ಪು’ ಇಂದಿಗೂ ಟಿವಿಯಲ್ಲಿ ಬಂದಾಗ, ಮುಂದಿನ ಸಾಲುಗಳನ್ನು ದಾಟಿಸಿಬಿಡಬೇಡಿ. ನಿರ್ಮಾಪಕರ ಹೆಸರು ಬರುವವರೆಗೆ ಒಂದು ಕ್ಷಣ ನೋಡಿ. ಅಮ್ಮನ ಗುರುತು ಸಮಾಧಿಯ ಕಲ್ಲಿನಲ್ಲಿರುವಷ್ಟೇ ಅಲ್ಲೂ ಇದೆ.