ಸಾಲ ತೀರಿಸಿದ ಟೊಮ್ಯಾಟೊ

ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ತೂಗುವ ಟೊಮ್ಯಾಟೊ ಹಣ್ಣುಗಳುಂಟು. ಆದರೆ ಪೆರು, ಇಕ್ವೆಡಾರ್‌ಗಳಲ್ಲಿ ಬೆಳೆಯುವ ಅದರ ಕಾಡು ಮೂಲದ ಹಣ್ಣಿನ ವ್ಯಾಸ ಸುಮಾರು 1 ಸೆಂಟಿಮೀಟರ್ ಮಾತ್ರ. ಇಷ್ಟೊಂದು ಹಿಗ್ಗಿದ್ದು ಹೇಗೆ?

ಇಟಲಿಯ ವೈದ್ಯ ಮಟಿಯೋಲಿ 1544ರಲ್ಲಿ ಟೊಮ್ಯಾಟೊವನ್ನು ವರ್ಣಿಸಿದಾಗ ಅದು ಆಗಲೇ ಚಪ್ಪಟೆಯಾದ, ತೊಳೆತೊಳೆಯಾದ ಹಣ್ಣಾಗಿತ್ತು. ಎಂದರೆ, ಯೂರೋಪಿಗೆ ಬರುವ ಮೊದಲೇ ಅಮೆರಿಕ ಖಂಡದ ಮೂಲನಿವಾಸಿ ರೈತರು ದೊಡ್ಡ ಹಣ್ಣುಗಳನ್ನು ಆರಿಸಿ ಬೆಳೆಸಿದ್ದರು.

ಆಯ್ಕೆಗೂ ಒಂದು ಕ್ರಮ ಬೇಕು. ಅಮೆರಿಕದ ಒಹಾಯೋದ ಅಲೆಕ್ಸಾಂಡರ್ ಲಿವಿಂಗ್‌ಸ್ಟನ್ ವರ್ಷಗಟ್ಟಲೆ ಅತ್ಯುತ್ತಮ ಹಣ್ಣುಗಳ ಬೀಜವನ್ನೇ ಬಿತ್ತಿದರೂ ಫಲ ಸಿಗಲಿಲ್ಲ. ಕೊನೆಗೆ ಒಳ್ಳೆಯ ಹಣ್ಣಿನ ಬದಲು, ಎಲ್ಲ ಹಣ್ಣುಗಳೂ ಒಂದೇ ಸಮನಾಗಿರುವ ಗಿಡವನ್ನು ಆರಿಸಿದರು. 1870ರಲ್ಲಿ ಅವರ 'ಪ್ಯಾರಗಾನ್' ತಳಿ ಬಂದಿತು.

1930ರ ದಶಕದಲ್ಲಿ ವೆಸ್ಟ್ ವರ್ಜೀನಿಯಾದ ಚಾರ್ಲಿ ಬೈಲ್ಸ್ ಎಂಬ ಮೆಕ್ಯಾನಿಕ್ ಇನ್ನೊಂದು ದಾರಿ ಹಿಡಿದರು. ಗುಡ್ಡ ಹತ್ತುವಾಗ ಕಾದು ನಿಲ್ಲುವ ಲಾರಿಗಳನ್ನು ಸರಿಪಡಿಸುತ್ತಿದ್ದ ಅವರಿಗೆ 'ರೇಡಿಯೇಟರ್ ಚಾರ್ಲಿ' ಎಂಬ ಅಡ್ಡಹೆಸರಿತ್ತು. ಅವರೇ ಹೇಳಿದಂತೆ, ದೊಡ್ಡ ಹಣ್ಣಿನ ಒಂದು ಗಿಡವನ್ನು ನಡುವೆ ನೆಟ್ಟು, ಸುತ್ತ ಬೇರೆ ಹತ್ತು ಗಿಡಗಳನ್ನಿಟ್ಟರು. ಆ ಗಿಡಗಳ ಪರಾಗವನ್ನು ಮಕ್ಕಳ ಕಿವಿ ತೊಳೆಯುವ ರಬ್ಬರ್ ಪಿಚಕಾರಿಯಿಂದ ನಡುಗಿಡದ ಹೂಗಳಿಗೆ ಹಾಕಿದರು. ಹುಟ್ಟಿದ ಸಸಿಗಳಲ್ಲಿ ಉತ್ತಮವಾದುದು ಮರುವರ್ಷದ ನಡುಗಿಡ. ಆರು ವರ್ಷ ಹೀಗೆ ನಡೆಯಿತು. ಸಸಿಗೆ ಒಂದು ಡಾಲರ್‌ನಂತೆ ಮಾರಿ, ಮನೆಯ ಮೇಲಿದ್ದ 6,000 ಡಾಲರ್ ಸಾಲವನ್ನು ತೀರಿಸಿದರಂತೆ. ಹಾಗಾಗಿ ತಳಿಯ ಹೆಸರೇ 'ಮಾರ್ಟ್‌ಗೇಜ್ ಲಿಫ್ಟರ್', ಅಂದರೆ ಅಡಮಾನ ಬಿಡಿಸುವುದು!

ಬೈಲ್ಸ್‌ಗೆ ಜೀನ್‌ಗಳ ವಿಷಯ ತಿಳಿದಿರಬೇಕಾಗಿರಲಿಲ್ಲ. 2000ದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವನ್ ಟ್ಯಾಂಕ್ಸ್‌ಲಿ ತಂಡವು ಹಣ್ಣಿನ ತೂಕವನ್ನು ಪ್ರಭಾವಿಸುವ 'ಎಫ್‌ಡಬ್ಲ್ಯು 2.2' ಎಂಬ ಜೀನನ್ನು ಗುರುತಿಸಿತು. ಬೇರೆ ಕೆಲವು ಜೀನ್‌ಗಳು ಹಣ್ಣಿನೊಳಗಿನ ಬೀಜದ ಕೋಣೆಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ. ಕಾಡು ಹಣ್ಣಿನಲ್ಲಿ ಕೋಣೆಗಳು ಸಾಮಾನ್ಯವಾಗಿ ಎರಡೇ. ದೊಡ್ಡ ಹಣ್ಣನ್ನು ಅಡ್ಡ ಕೊಯ್ದರೆ ಎಂಟಕ್ಕಿಂತ ಹೆಚ್ಚೂ ಕಾಣಬಹುದು.

ಗಾತ್ರಕ್ಕೆ ಬೆಲೆಯೂ ಉಂಟು. ಒಳಗಿನ ಒತ್ತಡ ಮತ್ತು ಸಿಪ್ಪೆಯ ದಪ್ಪ ಒಂದೇ ಆಗಿದ್ದರೆ, ಗೋಳಾಕಾರದ ಹಣ್ಣಿನ ತ್ರಿಜ್ಯ ಇಮ್ಮಡಿಯಾದಾಗ ಸಿಪ್ಪೆಯ ಮೇಲಿನ ಎಳೆತವೂ ಇಮ್ಮಡಿಯಾಗುತ್ತದೆ. ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಸಿಕ್ಕರೆ ದೊಡ್ಡ ಹಣ್ಣು ಸುಲಭವಾಗಿ ಬಿರಿಯುತ್ತದೆ. ಆದ್ದರಿಂದ ಹಿತ್ತಲಲ್ಲಿ ಇದನ್ನು ಬೆಳೆಯುವವರು ಹದವಾಗಿ, ತಪ್ಪದೆ ನೀರುಣಿಸಬೇಕು.

ಟೊಮ್ಯಾಟೊದಲ್ಲಿ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶ ನಡೆಯುತ್ತದೆ. ಆದ್ದರಿಂದ ಸ್ಥಿರಗೊಂಡ ತಳಿಯ ಬೀಜ ಬಿತ್ತಿದರೆ ಬಹುಮಟ್ಟಿಗೆ ಅದೇ ತಳಿ ಬರುತ್ತದೆ. ಎಫ್1 ಸಂಕರ ತಳಿಯ ಬೀಜ ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ಹಾಗಾಗಿ ಪ್ರತಿ ಸಲವೂ ಬೀಜ ಕೊಳ್ಳಬೇಕಾಗುತ್ತದೆ. ಹಳೆಯ ತಳಿಗಳು ಮರೆಯಾಗದಿರಲೆಂದು ಅಮೆರಿಕದಲ್ಲಿ 1975ರಲ್ಲಿ 'ಸೀಡ್ ಸೇವರ್ಸ್ ಎಕ್ಸ್‌ಚೇಂಜ್' ಆರಂಭವಾಯಿತು. ಆದರೆ ಬೀಜಕ್ಕೂ ಆಯುಸ್ಸುಂಟು. ಕೆಲವು ವರ್ಷಗಳಿಗೊಮ್ಮೆ ಯಾರಾದರೂ ಬಿತ್ತಿ ಬೆಳೆಯದಿದ್ದರೆ, ಆರು ವರ್ಷಗಳ ಶ್ರಮವಾಗಲಿ, ಶತಮಾನಗಳ ಆಯ್ಕೆಯಾಗಲಿ ಡಬ್ಬಿಯಲ್ಲೇ ಕೊನೆಗೊಳ್ಳುತ್ತದೆ.